ಮರಿಯ ಮೊದಲ ತುಪ್ಪಟಕ್ಕೆ ಬೇರೆ ಚೀಲ

ಕತ್ತರಿ ಹಾಕಿದ ಕೂಲಿಯೂ ಹುಟ್ಟುವುದಿಲ್ಲ, ತುಪ್ಪಟ ಯಾರಿಗೆ ಬೇಕು? ಜಾವಗಲ್ ಸುತ್ತ ತೆಂಗಿನ ತೋಟಗಳಲ್ಲಿ ಮಂದೆ ನಿಲ್ಲಿಸುವ ಕುರಿಗಾಹಿಗಳ ಈ ಬೇಸರ ನ್ಯಾಯವಾದದ್ದೇ. ಆದರೆ ಬೆಲೆ ಕೆಡುವುದರಲ್ಲಿ ನಮ್ಮ ಪಾಲೂ ಇದೆ. ಮರಿಯದು, ಮುದಿ ಕುರಿಯದು, ಹಿಕ್ಕೆ ಮೆತ್ತಿದ ಬಾಲದ ಬುಡದ್ದು, ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿಬಿಡುತ್ತೇವೆ.

ಮರಿಗೆ ಸುಮಾರು ಆರು ತಿಂಗಳಾದಾಗ ಮೊದಲ ಸಲ ಕತ್ತರಿಸಿದ್ದು ಮಾತ್ರ ಮರಿ ಉಣ್ಣೆ. ಮಗುವಿನ ಹುಟ್ಟುಗೂದಲಿದ್ದಂತೆ, ಅದು ಒಮ್ಮೆಯಷ್ಟೇ ಸಿಗುವುದು. ಒಂದು ಎಳೆ ಕಿತ್ತು ಬಿಸಿಲಿಗೆ ಹಿಡಿದು ನೋಡಿ: ಹಿಂದೆಂದೂ ಕತ್ತರಿ ತಾಗದ ತುದಿ ಹುಲ್ಲಿನ ಕುಡಿಯಂತೆ ಸಣ್ಣಗಾಗಿ ಮುಗಿದಿರುತ್ತದೆ. ಎರಡನೆಯ ಕತ್ತರಿಯಿಂದ ಮುಂದೆ ಎಳೆಯ ಎರಡೂ ಕೊನೆ ಮೊಂಡು. ಆ ಮೊಂಡು ತುದಿಯೂ ಎಳೆಯ ದಪ್ಪವೂ ಸೇರಿಯೇ ಕಂಬಳಿ ಮೈಗೆ ಚುಚ್ಚುವುದು. ಮರಿಯ ಎಳೆ ಸಣ್ಣದು, ಮೆತ್ತನೆಯದು; ಜೊತೆಗೆ ಗಿಡ್ಡ, ಬಲವೂ ಕಡಿಮೆ.

ಹಾಗೆಂದು ಅತಿಯಾಸೆ ಬೇಡ. ಮೆರಿನೊ ಕುರಿಯ ಎಳೆಯ ದಪ್ಪ 20 ಮೈಕ್ರಾನ್ ಆಸುಪಾಸು. ನಮ್ಮ ಡೆಕ್ಕನಿಯದು 50ರ ಹತ್ತಿರ. ಹಾಸನ ತಳಿಯದೂ ಒರಟೇ, ಹೊಟ್ಟೆ ಕಾಲುಗಳ ಮೇಲಂತೂ ತುಪ್ಪಟವೇ ಇರುವುದಿಲ್ಲ. ನಮ್ಮ ಮರಿ ಉಣ್ಣೆಯಿಂದ ಅಂಗಡಿಯ ನಯವಾದ ಸ್ವೆಟರ್ ಆಗದು. ಹೊದೆಯಲು ಹಿತವಾದ ಕಂಬಳಿ ಖಂಡಿತ ಆಗುತ್ತದೆ.

ದೊಡ್ಡ ಕುರಿಯ ಉಣ್ಣೆಯೇನೂ ಕೀಳಲ್ಲ. ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಎಳೆಯುವ ಹಾಸು ಎಳೆಗೆ ಗಟ್ಟಿ ನೂಲೇ ಬೇಕು. ಹುಣಸೆ ಬೀಜದ ಗಂಜಿ ಕುಡಿಸಿ, ಲಾಳಿಯ ಉಜ್ಜಾಟ ತಡೆಯಬೇಕಾದದ್ದು ಅದೇ. ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಮಂದೆ ಕಾಯುವವನನ್ನು ಕಾಪಾಡುವುದೂ ಆ ಒರಟು ಉಣ್ಣೆಯೇ. ಮರಿಯದನ್ನು ಅಡ್ಡ ಹಾಯುವ ಹೊಕ್ಕು ಎಳೆಗೆ ಬಳಸಿದರೆ ಎರಡರ ಗುಣವೂ ಬಟ್ಟೆಗೆ ಬರುತ್ತದೆ. ಬೆರೆತ ಚೀಲದಲ್ಲಿ ನೇಕಾರರಿಗೆ ಈ ಆಯ್ಕೆಯೇ ಇಲ್ಲ.

ಕತ್ತರಿಸುವ ಮುನ್ನ ಕುರಿಯನ್ನು ನೀರಲ್ಲಿ ಚೆನ್ನಾಗಿ ತೊಳೆದು, ಮೈ ಪೂರ್ತಿ ಒಣಗಲು ಬಿಡಿ. ಚಳಿ, ಜಡಿಮಳೆಯ ದಿನ ಬೇಡ. ತುಪ್ಪಟ ಕಳೆದುಕೊಂಡ ಮರಿಗೆ ನ್ಯುಮೋನಿಯಾ ಸುಲಭವಾಗಿ ಹಿಡಿಯುತ್ತದೆ. ಮೊದಲು ಮರಿಗಳನ್ನು ಮುಗಿಸಿ, ನೆಲ ಗುಡಿಸಿ, ಆಮೇಲೆ ದೊಡ್ಡವುಗಳಿಗೆ ಕೈ ಹಾಕಿ. ಕತ್ತರಿ ಚರ್ಮಕ್ಕೆ ಹತ್ತಿರವಾಗಿ ಒಂದೇ ಸಲ ಓಡಬೇಕು. ಮೇಲೆ ಉಳಿಯಿತೆಂದು ಮತ್ತೆ ಸವರಿದರೆ ಬೀಳುವುದು ಚೂರು, ಮೊದಲೇ ಗಿಡ್ಡವಾದ ಮರಿ ಉಣ್ಣೆಯಲ್ಲಿ ಅದು ನೂಲಿಗೆ ನಿಲ್ಲುವುದಿಲ್ಲ. ಗಾಯವಾದರೆ ಕೂಡಲೇ ಔಷಧಿ ಹಚ್ಚಿ.

ಕಪ್ಪು ಬಿಳಿ ಬೆರೆಸಬೇಡಿ. ಬಿಳಿಯಲ್ಲಿ ಸೇರಿದ ಕಪ್ಪು ಎಳೆಯನ್ನು ಯಾವ ತಿಳಿ ಬಣ್ಣವೂ ಮರೆಸಲಾರದು. ಗುರುತಿಗೆ ಬೆನ್ನಿನ ಮೇಲೆ ಡಾಂಬರು, ಪೇಂಟ್ ಬಳಿಯುವುದನ್ನು ಬಿಟ್ಟು ಕಿವಿಗೆ ಓಲೆ ಹಾಕಿಸಿ. ರಸಗೊಬ್ಬರದ ಪ್ಲಾಸ್ಟಿಕ್ ಚೀಲವೂ ಬೇಡ, ಅದರ ಎಳೆ ಬಿಚ್ಚಿ ಉಣ್ಣೆಗೆ ಸೇರಿದರೆ ಆರಿಸಿ ಮುಗಿಯುವುದಿಲ್ಲ. ಒಣಗಿದ ಬಟ್ಟೆ ಚೀಲ ಸಾಕು.

ಇನ್ನೊಂದು ಮಾತು. ಮಾಂಸದ ಆಸೆಗೆ ಮಂದೆಗೆ ಬನ್ನೂರು ಟಗರು ಬಿಟ್ಟವರು ಈ ಲೆಕ್ಕವನ್ನು ಬೇರೆಯೇ ಹಾಕಬೇಕು: ಆ ತಳಿಯ ಮೈಮೇಲೆ ಇರುವುದು ಕೂದಲು, ಮಗ್ಗಕ್ಕೆ ಬರುವ ಉಣ್ಣೆಯಲ್ಲ. ಬೆರಕೆ ಮರಿಗಳ ತುಪ್ಪಟವನ್ನು ಹಿಡಿಯಷ್ಟು ಹೊಸೆದು ನೋಡಿ, ಎಳೆ ಒಂದಕ್ಕೊಂದು ಹಿಡಿದುಕೊಳ್ಳದೆ ಜಾರಿದರೆ ಅದನ್ನು ಮರಿ ಉಣ್ಣೆಯ ಚೀಲಕ್ಕೆ ಹಾಕಬೇಡಿ.