ಇಲಿ ಹಿಡಿಯಲಾಗದ ಬೆಕ್ಕಿಗೆ ಏನು ಹಾಕಬೇಕು?

ಅಂತರಘಟ್ಟೆ, ಅಜ್ಜಂಪುರದ ಸುತ್ತಿನ ಮನೆಗಳಲ್ಲಿ ಬೆಕ್ಕು ಸಾಕುವುದು ಇಲಿಗಾಗಿ. ರಾಗಿ ಮೂಟೆ, ಈರುಳ್ಳಿ ಚೀಲ, ಅಡಿಕೆ ಒಟ್ಟಿದ ಮನೆಗೆ ಬೆಕ್ಕಿಲ್ಲದೆ ಆಗುವುದಿಲ್ಲ. ಹೊತ್ತಿಗಿಷ್ಟು ಹಾಲನ್ನ ಹಾಕುತ್ತೇವೆ, ಅದರಿಂದಲೇ ಬೆಕ್ಕು ಬದುಕಿದೆ ಎಂದುಕೊಂಡಿರುತ್ತೇವೆ. ಅದರ ನಿಜವಾದ ಊಟ ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ, ಹೊಲದ ಬದುವಿನಲ್ಲಿ ನಡೆಯುತ್ತಿರುತ್ತದೆ. ವಯಸ್ಸಾಗಿ ಅಟ್ಟ ಹತ್ತಲು ಕಾಲು ಬಾರದಾದಾಗ ಆ ಊಟ ನಿಂತು, ಹಾಲನ್ನವಷ್ಟೇ ಉಳಿಯುತ್ತದೆ. ಮುದಿ ಬೆಕ್ಕು ಸೊರಗಲು ಇದೂ ಒಂದು ಕಾರಣ.

ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಬೇಕೇ ಬೇಕು. ಅದನ್ನು ಸಾಕಷ್ಟು ತಯಾರಿಸಿಕೊಳ್ಳುವ ಶಕ್ತಿ ಬೆಕ್ಕಿನ ದೇಹಕ್ಕಿಲ್ಲ. ಮಾಂಸ, ಮೀನಿನಲ್ಲಿ ಸಿಗುತ್ತದೆ, ಅನ್ನ, ಮುದ್ದೆ, ಬೇಳೆಯಲ್ಲಿ ಇಲ್ಲ, ಹಾಲಿನಲ್ಲಿರುವುದು ಸಾಲದು. ಕೊರತೆಯಾದರೆ ಕಣ್ಣಿನ ಅಕ್ಷಿಪಟಲ (ರೆಟಿನಾ) ಕೆಡುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಹೃದಯದ ಸಂಬಂಧವನ್ನು 1987ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯರು ತೋರಿಸಿಕೊಟ್ಟ ಮೇಲೆ, ಬೆಕ್ಕಿನ ಪ್ಯಾಕೆಟ್ ಆಹಾರ ತಯಾರಿಸುವವರು ಅದಕ್ಕೆ ಟಾರಿನ್ ಹೆಚ್ಚಿಗೆ ಸೇರಿಸತೊಡಗಿದರು.

ಮೊದಲು ತೂಕ

ಹತ್ತು ವರ್ಷ ದಾಟಿದ ಬೆಕ್ಕನ್ನು ಮುದಿಯೆಂದೇ ಲೆಕ್ಕ ಹಿಡಿಯಿರಿ. ತಿಂಗಳಿಗೊಮ್ಮೆ ತೂಗಿ. ಬೆಕ್ಕನ್ನೆತ್ತಿಕೊಂಡು ತಕ್ಕಡಿ ಮೇಲೆ ನಿಂತು, ಆಮೇಲೆ ಬರಿಗೈಲಿ ನಿಂತು ಕಳೆದರಾಯಿತು. 4 ಕೆ.ಜಿ. ಇದ್ದದ್ದು 3.6ಕ್ಕೆ ಇಳಿದಿದ್ದರೆ ಹತ್ತರಲ್ಲೊಂದು ಪಾಲು ಹೋಯಿತು. ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುವ ಇಳಿಕೆ ಇದಲ್ಲ. ಚೆನ್ನಾಗಿ ತಿನ್ನುತ್ತಲೇ ಸೊರಗುತ್ತಿದ್ದರೆ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆಯ ಅನುಮಾನ ಇನ್ನೂ ಹೆಚ್ಚು.

ತಟ್ಟೆಗೆ ಏನು?

ಬೆಕ್ಕಿಗೆಂದೇ ತಯಾರಾದ ಪ್ಯಾಕೆಟ್ ಆಹಾರ ಮುಖ್ಯ ಊಟ, ಬೇಯಿಸಿದ ಕೋಳಿಯೋ ಮೀನೋ ಅದರ ಜೊತೆಗೆ: ಇದೇ ಸುಲಭದ ದಾರಿ. 4 ಕೆ.ಜಿ. ಬೆಕ್ಕಿಗೆ ಒಣ ಕಾಳಾದರೆ ದಿನಕ್ಕೆ ಸುಮಾರು 60 ಗ್ರಾಂ ಸಾಕು. ಕೋಳಿ ಹಾಕಿದ ದಿನ ಕಾಳು ಕಡಿಮೆ ಮಾಡಿ. ಬರೀ ಕೋಳಿ ಹಾಕಿದರೆ ಸುಣ್ಣದಂಶ ಸಾಲುವುದಿಲ್ಲ. ನಾಯಿಯ ಪ್ಯಾಕೆಟ್ ಬೇಡ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವ ಭರವಸೆಯಿಲ್ಲ. ಮನೆಯೊಳಗೆ ಮಾಂಸ ತರದವರಿಗೂ ಬೆಕ್ಕಿನ ಪ್ಯಾಕೆಟ್ಟೇ ಗತಿ. ಮೊಟ್ಟೆ ಒಳ್ಳೆಯದೇ, ಆದರೆ ಟಾರಿನ್ ಕೊರತೆಯನ್ನು ಅದು ತುಂಬದು.

ಕೋಳಿಸಾರು ಮಾಡುವ ದಿನ ಮಸಾಲೆ ಬೀಳುವ ಮೊದಲೇ ನಾಲ್ಕು ತುಂಡು ಎತ್ತಿಟ್ಟು, ಉಪ್ಪು ಖಾರ ಹಾಕದೆ ಬೇಯಿಸಿ, ಮೂಳೆ ಬಿಡಿಸಿ ಕೊಡಿ. ಬೆಂದ ನೀರನ್ನು ಚೆಲ್ಲಬೇಡಿ. ಟಾರಿನ್ ನೀರಿಗಿಳಿಯುವ ವಸ್ತು, ಒಂದು ಪಾಲು ಆ ನೀರಿನಲ್ಲೇ ಇರುತ್ತದೆ. ಈರುಳ್ಳಿ ಬೆಳೆಯುವ ಈ ಸೀಮೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು: ಈರುಳ್ಳಿ, ಬೆಳ್ಳುಳ್ಳಿ ಹಸಿಯಿರಲಿ ಬೆಂದಿರಲಿ ಬೆಕ್ಕಿನ ರಕ್ತದ ಕೆಂಪುಕಣ ಒಡೆಯುತ್ತವೆ. ಉಳಿದ ಸಾಂಬಾರನ್ನ ಬೆಕ್ಕಿನ ತಟ್ಟೆಗೆ ಸುರಿಯುವ ರೂಢಿ ಬಿಡಿ. ಹಾಲು ಕುಡಿದ ಮೇಲೆ ಭೇದಿಯಾಗುತ್ತಿದ್ದರೆ ಹಾಲನ್ನೂ ನಿಲ್ಲಿಸಿ.

ಊಟದಷ್ಟೇ ನೀರೂ ಮುಖ್ಯ, ಏಕೆಂದರೆ ಮುದಿ ಬೆಕ್ಕಿನಲ್ಲಿ ಬಹಳ ಸಾಮಾನ್ಯವಾಗಿ ಕಾಣುವುದು ಮೂತ್ರಪಿಂಡದ ಸೋಲು. 4 ಕೆ.ಜಿ. ಬೆಕ್ಕಿಗೆ ಊಟದಲ್ಲಿರುವುದೂ ಸೇರಿ ದಿನಕ್ಕೆ ಸುಮಾರು 200 ಮಿ.ಲೀ. ನೀರು ಬೇಕು. ಒಣ ಕಾಳನ್ನು ಕೋಳಿ ಬೆಂದ ನೀರಿನಲ್ಲಿ ನೆನೆಸಿ ಕೊಡಿ, ಎರಡು ಮೂರು ಕಡೆ ನೀರಿಡಿ. ಇಷ್ಟು ವರ್ಷ ನೀರಿನತ್ತ ತಿರುಗಿಯೂ ನೋಡದ ಬೆಕ್ಕು ಬಚ್ಚಲಲ್ಲಿ ಕೂತು ತೊಟ್ಟಿಕ್ಕುವ ನಲ್ಲಿ ನೆಕ್ಕುತ್ತಿದೆ, ಉಚ್ಚೆ ಹೊಯ್ಯುವುದೂ ಹೆಚ್ಚಾಗಿದೆ ಎಂದರೆ ಆಸ್ಪತ್ರೆಗೆ ಹೊರಡುವ ಸಮಯ ಬಂದಿದೆ.

ಡಾಕ್ಟರ ಹತ್ತಿರ

ಅಮೃತಮಹಲ್ ರಾಸುಗಳ ನಾಡಿದು. ನಮ್ಮ ಬಾಯಲ್ಲಿ ಪಶುವೈದ್ಯರೆಂದರೆ ‘ದನದ ಡಾಕ್ಟ್ರು’. ಬೆಕ್ಕು ತಂದಿದ್ದೇನೆ ಎನ್ನಲು ಸಂಕೋಚಪಡಬೇಡಿ. ಅಜ್ಜಂಪುರ, ತರೀಕೆರೆ, ಕಡೂರಿನ ಪಶು ಆಸ್ಪತ್ರೆಯಲ್ಲಿ ಹಲ್ಲು, ವಸಡು ನೋಡಿಸಿ, ಜಂತಿನ ಔಷಧಿ ಕೇಳಿ, ರೇಬಿಸ್ ಲಸಿಕೆಯ ಗಡುವು ತಪ್ಪಿಸಬೇಡಿ. ಕೆಟ್ಟ ಹಲ್ಲಿನ ನೋವಿಗೇ ಊಟ ಬಿಟ್ಟ ಬೆಕ್ಕುಗಳು ಎಷ್ಟೋ. 1962 ಸಹಾಯವಾಣಿಯ ಸಂಚಾರಿ ಗಾಡಿ ಇರುವುದು ಮುಖ್ಯವಾಗಿ ದನಕರುಗಳಿಗೆ, ಹಾಗಾಗಿ ಅದಕ್ಕೆ ಕಾಯುತ್ತ ಕೂರದೆ ನೀವೇ ಹೋಗುವುದು ಮೇಲು.

ಹತ್ತು ದಾಟಿದ ಬೆಕ್ಕಿಗೆ ಆರು ತಿಂಗಳಿಗೊಮ್ಮೆ ತಪಾಸಣೆ ಆಗಬೇಕು. ರಕ್ತದ ಕ್ರಿಯಾಟಿನಿನ್, ಸಕ್ಕರೆ ಮತ್ತು ಮೂತ್ರ ಪರೀಕ್ಷೆಯನ್ನು ನೀವಾಗಿಯೇ ಕೇಳಿ. ಹತ್ತಿರದಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿದೆ. ತರೀಕೆರೆಯಿಂದ ಭದ್ರಾವತಿ ಮೇಲೆ ಬಸ್ಸೂ ಉಂಟು, ರೈಲೂ ಉಂಟು. ಬೆಕ್ಕನ್ನು ಗೋಣಿಚೀಲಕ್ಕೆ ತುಂಬಬೇಡಿ. ಎರಡು ಟೊಮೆಟೊ ಕ್ರೇಟನ್ನು ಬಾಯಿಗೆ ಬಾಯಿ ಸೇರಿಸಿ ಹಗ್ಗ ಬಿಗಿದು, ಅದು ಮಲಗುವ ಬಟ್ಟೆಯನ್ನೇ ಒಳಗೆ ಹಾಸಿ. ಮೂತ್ರಪಿಂಡದ ತೊಂದರೆ ಇದೆಯೆಂದು ಪರೀಕ್ಷೆಯಲ್ಲಿ ತಿಳಿದ ಮೇಲೆ ರಂಜಕ ಕಡಿಮೆಯಿರುವ ಆಹಾರ ಬರೆದುಕೊಡುತ್ತಾರೆ. ಅದಕ್ಕೆ ಮುಂಚೆ ನಿಮ್ಮಷ್ಟಕ್ಕೇ ಮಾಂಸ ಕಡಿಮೆ ಮಾಡಬೇಡಿ, ಸ್ನಾಯು ಕರಗುತ್ತದೆ.

ಮನೆಯಲ್ಲಿ

ಮೈ ಬಿಸಿಯಿದೆ ಎಂದು ಪ್ಯಾರಾಸಿಟಮಾಲ್ ಕೊಟ್ಟೀರಿ, ಜೋಕೆ! ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ನಾಯಿಯ ಉಣ್ಣೆಗೆ ಹಾಕುವ ಪರ್ಮೆತ್ರಿನ್ ಔಷಧಿಯೂ ವಿಷವೇ. ಬೆಕ್ಕು ಇಲಿ ಹಿಡಿಯುತ್ತಿಲ್ಲವೆಂದು ಇಲಿಪಾಷಾಣ ಇಟ್ಟರೆ, ಅದನ್ನು ತಿಂದು ತೂರಾಡುವ ಇಲಿ ಮುದಿ ಬೆಕ್ಕಿಗೂ ಸುಲಭವಾಗಿ ಸಿಕ್ಕಿಬಿಡುತ್ತದೆ. ಬೋನು ಇಡಿ.

ಮರ ಹತ್ತದ ಬೆಕ್ಕಿನ ಉಗುರು ಸವೆಯದೆ ಸುತ್ತಿಕೊಂಡು ಅಂಗಾಲಿಗೇ ಚುಚ್ಚಿಕೊಳ್ಳುವುದುಂಟು. ವಾರಕ್ಕೊಮ್ಮೆ ಪಾದ ಒತ್ತಿ ನೋಡಿ, ತುದಿಯಷ್ಟೇ ಕತ್ತರಿಸಿ. ಮಣ್ಣು ತುಂಬಿದ, ಅಂಚು ತಗ್ಗಾದ ಡಬರಿಯನ್ನು ಒಳಗೇ ಇಟ್ಟರೆ ಕೀಲುನೋವಿನಲ್ಲಿ ಹಿತ್ತಲಿಗೆ ಅಲೆಯುವುದು ತಪ್ಪುತ್ತದೆ.

ಗಂಡು ಬೆಕ್ಕು ಮತ್ತೆ ಮತ್ತೆ ಕೂತು ತಿಣುಕಿದರೂ ಉಚ್ಚೆ ಬರುತ್ತಿಲ್ಲ ಎಂದರೆ ನಾಳೆ ನೋಡೋಣ ಎನ್ನುವಂತಿಲ್ಲ, ಆಗಲೇ ಹೊರಡಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೂ ಅಷ್ಟೇ. ದಪ್ಪ ಬೆಕ್ಕು ಎರಡು ದಿನ ಏನೂ ಮುಟ್ಟದಿದ್ದರೆ ಯಕೃತ್ತಿಗೆ ಕೊಬ್ಬು ಏರಬಹುದು, ಮೂರನೆಯ ದಿನಕ್ಕೆ ಕಾಯಬೇಡಿ.

ಅಂತರಘಟ್ಟೆ ಅಮ್ಮನ ಜಾತ್ರೆಗೆ ಮನೆ ತುಂಬ ನೆಂಟರಿರುವಾಗ ಎಲೆ ಎಲೆಯಿಂದಲೂ ಬೆಕ್ಕಿಗೊಂದು ಮೂಳೆ ಬೀಳುತ್ತದೆ. ಜಾತ್ರೆಯ ದಿನಗಳಲ್ಲಿ ಊಟ, ನೀರು, ಮಣ್ಣಿನ ಡಬರಿ ಇಟ್ಟು ಬೆಕ್ಕನ್ನು ಒಳಕೋಣೆಯಲ್ಲಿ ಬಿಡಿ. ಔಷಧಿ ನಡೆಯುತ್ತಿದ್ದರೆ ಜಾತ್ರೆ ಮುಗಿಯುವವರೆಗೆ ಆಗುವಷ್ಟನ್ನು ಮೊದಲೇ ತಂದಿಟ್ಟುಕೊಳ್ಳಿ.