ನೆರಳು ಮಾರಿದ ಅಜ್ಜಿ

ಅಕ್ಕಂದಿರೇ, ಯಾವ ಅರ್ಜಿ ಕೊಟ್ಟರೂ ಫೋಟೋ ಕೇಳ್ತಾರೆ. ಸ್ಟುಡಿಯೋದಲ್ಲಿ ಒಂದು ಸಲ ಕುಳಿತರೆ ಸಾಕು, ಒಂದೇ ಮುಖದ ಎಂಟು ಫೋಟೋ ನಮ್ಮ ಕೈಗೆ ಬರುತ್ತವೆ. ಈ ಉಪಾಯ ಹೊಸದಲ್ಲ.

ಮೊದಲು ಫೋಟೋ ಅಂದರೆ ಬಲು ದುಬಾರಿ. 1854ರಲ್ಲಿ ಪ್ಯಾರಿಸ್ಸಿನ ದಿಸ್ದೇರಿ ಎಂಬಾತ ಒಂದೇ ಗಾಜಿನ ಮೇಲೆ ಹಲವು ಸಣ್ಣ ಚಿತ್ರ ತೆಗೆಯುವ ಕ್ರಮಕ್ಕೆ ಹಕ್ಕು ಪಡೆದ. ಸಾಮಾನ್ಯವಾಗಿ ಎಂಟು ಚಿತ್ರ. ಅವನ್ನು ತೆಳು ಕಾಗದದ ಮೇಲೆ ಇಳಿಸುತ್ತಿದ್ದರು. ಆ ಕಾಗದಕ್ಕೆ ಏನು ಸವರುತ್ತಿದ್ದರು ಗೊತ್ತಾ? ಕೋಳಿಮೊಟ್ಟೆಯ ಬಿಳಿ! ಆಮೇಲೆ ಕತ್ತರಿಸಿ ರಟ್ಟಿಗೆ ಅಂಟಿಸುತ್ತಿದ್ದರು. ರಟ್ಟಿನ ಉದ್ದ ಸುಮಾರು 4 ಇಂಚು, ಅಗಲ ಎರಡೂವರೆ ಇಂಚು. ಬೆಲೆ ಇಳಿಯಿತು. ರಾಣಿಯ ಚಿತ್ರವೂ ಅಂಗಡಿಗೆ ಬಂತು.

ಇಂಥ ಕಾರ್ಡು ಅಮೆರಿಕದ ಒಬ್ಬ ಅಜ್ಜಿಗೆ ಅನ್ನ ಕೊಟ್ಟಿತು. ಆಕೆಯ ಹೆಸರು ಸೋಜರ್ನರ್ ಟ್ರೂತ್. ಸುಮಾರು 1797ರಲ್ಲಿ ಗುಲಾಮರ ಮನೆಯಲ್ಲಿ ಹುಟ್ಟಿದಳು. ಆಗ ಅಲ್ಲಿ ಕಪ್ಪು ಜನರನ್ನು ದನಕರುಗಳ ಹಾಗೆ ಮಾರುತ್ತಿದ್ದರು. ಒಂಬತ್ತು ವರ್ಷದ ಈ ಹುಡುಗಿಯನ್ನು ಕುರಿಮಂದೆಯ ಜೊತೆ ನೂರು ಡಾಲರಿಗೆ ಮಾರಿದರು. ಕುರಿಗೆಷ್ಟು, ಹುಡುಗಿಗೆಷ್ಟು ಎಂದು ಲೆಕ್ಕ ಹಾಕಲು ನಮಗೆ ಮನಸ್ಸು ಬರುವುದಿಲ್ಲ.

1826ರಲ್ಲಿ ಎಳೆಮಗುವನ್ನು ಎತ್ತಿಕೊಂಡು ಆಕೆ ಒಡೆಯನ ಮನೆ ಬಿಟ್ಟು ಹೊರಟಳು. ದೂರದ ಊರಿಗೆ ಮಾರಿದ್ದ ಮಗನಿಗಾಗಿ ಕೋರ್ಟಿಗೆ ಹೋದಳು, 1828ರಲ್ಲಿ ಗೆದ್ದು ಮಗನನ್ನು ಮರಳಿ ಪಡೆದಳು. ಆಮೇಲೆ ಊರೂರು ತಿರುಗಿ ಗುಲಾಮಗಿರಿಯ ವಿರುದ್ಧ, ಹೆಂಗಸರ ಹಕ್ಕಿನ ಪರ ಮಾತನಾಡಿದಳು. ಓದು ಬರಹ ಮಾತ್ರ ಬರುತ್ತಿರಲಿಲ್ಲ. ಬೈಬಲ್ಲನ್ನು ಮಕ್ಕಳಿಂದ ಓದಿಸಿ ಕೇಳುತ್ತಿದ್ದಳು. ದೊಡ್ಡವರಾದರೆ ನಡುವೆ ತಮ್ಮ ಅರ್ಥ ಸೇರಿಸ್ತಾರೆ, ಮಕ್ಕಳಾದರೆ ಎಷ್ಟು ಸಲ ಕೇಳಿದರೂ ಇದ್ದದ್ದನ್ನೇ ಓದ್ತಾರೆ!

ವಯಸ್ಸಾಯಿತು, ಕೈಯಲ್ಲಿ ಕಾಸಿಲ್ಲ. ಆಗ ಫೋಟೋ ತೆಗೆಸಿದಳು. ಸಭೆಗಳಲ್ಲಿ ಮಾರಿದಳು, ಅಂಚೆಯಲ್ಲೂ ಕಳಿಸಿದಳು. ಆ ಕಾಲದಲ್ಲಿ ಚಿತ್ರದ ಹಕ್ಕು ಸಾಮಾನ್ಯವಾಗಿ ತೆಗೆದವನದು. ಅಜ್ಜಿ ಒಪ್ಪಲಿಲ್ಲ. 1864ರಲ್ಲಿ ಹಕ್ಕನ್ನು ತನ್ನ ಹೆಸರಿಗೇ ನೋಂದಾಯಿಸಿದಳು. ಹಿಂದೆ ಆಕೆಯನ್ನು ಮಾರಿದ ಹಣ ಒಡೆಯನಿಗೆ ಹೋಗಿತ್ತು. ಈಗ ಆಕೆಯ ಚಿತ್ರದ ಹಣ ಆಕೆಗೇ ಬಂತು.

ಕಾರ್ಡಿನ ಕೆಳಗೆ ಆಕೆಯ ಹೆಸರು, ಒಂದು ಸಾಲು. ಆಗ ಫೋಟೋವನ್ನು ನೆರಳು ಎಂದೂ ಕರೆಯುತ್ತಿದ್ದರು. ‘ಒಡಲು ಹೊರೆಯಲು ನೆರಳು ಮಾರುತ್ತೇನೆ’ ಎಂಬುದು ಆ ಸಾಲಿನ ಅರ್ಥ.

ಅಜ್ಜಿ 1883ರಲ್ಲಿ ತೀರಿಕೊಂಡಳು. ಕಾರ್ಡುಗಳು ಇಂದಿಗೂ ಉಳಿದಿವೆ. ಒಂದರಲ್ಲಿ ಹೆಗಲ ಮೇಲೆ ಬಿಳಿ ಶಾಲು, ಕೈಯಲ್ಲಿ ಹೆಣಿಗೆಯ ನೂಲು. ಪಕ್ಕದ ಮೇಜಿನ ಮೇಲೆ ಹೂವು, ಒಂದು ಪುಸ್ತಕ.