ಒಂದೇ ಶಬ್ದ, ಎದುರುಬದುರು ಅರ್ಥ

ಇಂಗ್ಲಿಷಿನ ಕೆಲವು ಶಬ್ದಗಳು ಒಂದೇ ಬಾಯಲ್ಲಿ ಹೌದು ಎನ್ನುತ್ತವೆ, ಅಲ್ಲ ಎನ್ನುತ್ತವೆ. ಇವುಗಳಲ್ಲಿ ನನ್ನ ಮಟ್ಟಿಗೆ ಮಹಾ ಉಪದ್ರವಿ ‘ಓವರ್‌ಸೈಟ್’. ಮೇಲಿದ್ದು ನೋಡಿಕೊಳ್ಳುವುದೂ ಅದೇ, ನೋಡದೆ ಬಿಟ್ಟುಬಿಡುವುದೂ ಅದೇ. ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಧಾರವಾಡ ಕಡೆಯ ಕಾಕಾ ಒಬ್ಬರಿದ್ದಾರೆ, ರಿಟೈರಾದವರು. ಓವರ್‌ಸೈಟ್‌ನಿಂದಾಗಿ ನಿಮ್ಮ ಬಾಕಿ ಹಣ ಸೇರಿಲ್ಲ ಎಂದು ಅವರಿಗೊಂದು ಕಚೇರಿಯ ಕಾಗದ ಬಂತು. ಡಿಕ್ಷನರಿ ತೆಗೆದರೆ ಮೊದಲು ಸಿಕ್ಕಿದ್ದು ‘ಮೇಲ್ವಿಚಾರಣೆ’. ತಮ್ಮ ಮೇಲೆ ಏನೋ ವಿಚಾರಣೆ ನಡೆದಿದೆ ಎಂದುಕೊಂಡು ನಾಲ್ಕು ತಿಂಗಳು ಯಾರ ಹತ್ರವೂ ಬಾಯಿ ಬಿಡಲಿಲ್ಲ. ಅದು ಗುಮಾಸ್ತರ ಕಣ್ತಪ್ಪು ಅಂತ ನಾನು ಬಿಡಿಸಿ ಹೇಳಿದಾಗ, “ಹಂಗಾದ್ರ ನಂದೇನೂ ತಪ್ಪಿಲ್ಲಲ್ಲೋ ತಮ್ಮಾ?” ಅಂತ ಎರಡು ಸಲ ಕೇಳಿದರು.

ಗುರುತು ಹಿಡಿಯಲು ಒಂದು ಉಪಾಯವಿದೆ. ಶಬ್ದದ ಹಿಂದೆ ‘ಆ್ಯನ್’ ಇದ್ದರೆ ಸಾಮಾನ್ಯವಾಗಿ ಕಣ್ತಪ್ಪು. ಮುಂದೆ ‘ಆಫ್’ ಬಂದರೆ ಮೇಲ್ವಿಚಾರಣೆ. ಕಾಕಾರ ಕಾಗದದಲ್ಲಿ ‘ಆ್ಯನ್’ ಇತ್ತು. ಅಷ್ಟು ಸಣ್ಣ ಅಕ್ಷರವನ್ನು ಯಾರು ನೋಡುತ್ತಾರೆ!

‘ಸ್ಯಾಂಕ್ಷನ್’ ನೋಡಿ. ಸಾಲ ಸ್ಯಾಂಕ್ಷನ್ ಆದರೆ ಪೇಢೆ ಹಂಚುತ್ತೇವೆ. ದೇಶವೊಂದರ ಮೇಲೆ ಸ್ಯಾಂಕ್ಷನ್ ಬಿದ್ದರೆ ಅದರ ವ್ಯಾಪಾರವೇ ಕಟ್ಟು. ಲ್ಯಾಟಿನ್ ಮೂಲದಲ್ಲಿ ಅದು ಪವಿತ್ರವೆಂದು ವಿಧಿಸಿದ ಕಟ್ಟಳೆ. ಕಟ್ಟಳೆ ಎಂದ ಮೇಲೆ ಒಪ್ಪಿಗೆಯೂ ಇದೆ, ಮೀರಿದವರಿಗೆ ದಂಡವೂ ಇದೆ. ಹೀಗೆ ಒಂದು ಬೇರಿಗೆ ಎರಡು ಕೊಂಬೆ. ‘ಕ್ಲೀವ್’ ಇದಕ್ಕೆ ತಿರುಗಾಮುರುಗಾ: ಹಳೆಯ ಇಂಗ್ಲಿಷಿನಲ್ಲಿ ಸೀಳುವುದಕ್ಕೆ ಒಂದು ಕ್ರಿಯಾಪದ, ಅಂಟಿಕೊಳ್ಳುವುದಕ್ಕೆ ಇನ್ನೊಂದು, ಉಚ್ಚಾರ ಸವೆದು ಎರಡೂ ಒಂದೇ ರೂಪ ತಾಳಿದವು. ‘ಲೆಟ್’ ಕತೆಯೂ ಅದೇ. ಬಿಡು ಎಂಬ ಅರ್ಥದ ‘ಲೆಟ್’ ಎಲ್ಲರಿಗೂ ಗೊತ್ತು. ತಡೆ ಎಂಬ ಅರ್ಥದ್ದು ನಮ್ಮ ಪಾಸ್‌ಪೋರ್ಟಿನ ಮೊದಲ ಪುಟಗಳಲ್ಲಿ ‘ಹಿಂಡ್ರೆನ್ಸ್’ ಜೊತೆ ಇನ್ನೂ ಕೂತಿದೆ.

ಇಂಗ್ಲಿಷನ್ನು ನೋಡಿ ನಾವು ನಗಬೇಕಾಗಿಲ್ಲ. ಮನೆಯಿಂದ ಹೊರಡುವಾಗ “ಬರ್ತೀನಿ” ಎಂದು ಹೇಳಿಯೇ ಹೋಗುತ್ತೇವೆ. ತರಕಾರಿಯ ಬೆಲೆ ಹೆಚ್ಚುತ್ತದೆ, ತರಕಾರಿಯನ್ನು ಹೆಚ್ಚುತ್ತೇವೆ. ಪಕ್ಕದ ಮರಾಠಿ ಮನೆಯವರಿಗೆ ತೆಂಗಿನಕಾಯಿ ‘ಒಡೆಯುವುದು’ ಅಶುಭ, ಅದಕ್ಕೇ ‘ವಾಢವಣೆ’, ಅಂದರೆ ಬೆಳೆಸುವುದು. ಹಿಂದಿಯ ‘ಕಲ್’ ನಿನ್ನೆಯೂ ಹೌದು ನಾಳೆಯೂ ಹೌದು. ಮರಾಠಿಯ ‘ಕಾಲ್’ ನಿನ್ನೆ ಮಾತ್ರ. ನಲ್ಲಿ ರಿಪೇರಿಯವನು ಯಾವ ಭಾಷೆಯಲ್ಲಿ ಹೇಳಿದ ಎಂಬುದರ ಮೇಲೆ ನಮ್ಮ ನೀರು ನಿಂತಿದೆ!

ಈ ಊರಿನಲ್ಲಿ ಎಲ್ಲಕ್ಕಿಂತ ಜೋಪಾನ ಬೇಕಾದದ್ದು ‘ರೆಂಟ್’ಗೆ. ಬಾಡಿಗೆಗೆ ಕೊಟ್ಟವನೂ ‘ರೆಂಟೆಡ್’, ಹಿಡಿದವನೂ ‘ರೆಂಟೆಡ್’. ಕನ್ನಡದಲ್ಲಿ ಕೊಡು, ಹಿಡಿ ಎಂಬ ಮಾತು ಬಂದೇ ಬರುತ್ತದೆ, ಗೊಂದಲವಿಲ್ಲ. ಇಂಗ್ಲಿಷ್ ಕರಾರುಪತ್ರವಾದರೆ ಮುಂದೆ ‘ಟು’ ಇದೆಯೋ ‘ಫ್ರಮ್’ ಇದೆಯೋ ಬೆರಳಿಟ್ಟು ನೋಡಿ, ಆಮೇಲೆ ಸಹಿ.